ಹತ್ತು ನಿಮಿಷಕ್ಕೊಂದು ಬಸ್ಸು, ಆದರೂ ಹತ್ತು ನಿಮಿಷ ಕಾಯುವುದೇಕೆ?

ಪಡುಬಿದ್ರಿ ಪೇಟೆಯಲ್ಲಿ ಬಸ್ಸಿಗೆ ಕಾದು ನಿಂತವರನ್ನು ಕೇಳಿ ನೋಡಿ. "ಹತ್ತು ನಿಮಿಷಕ್ಕೊಂದು ಬಸ್ಸು ಉಂಟು ಎನ್ನುತ್ತಾರೆ. ನಾನು ಬಂದಾಗ ಮಾತ್ರ ಒಂದೂ ಇರುವುದಿಲ್ಲ. ಬರುವಾಗ ಎರಡು ಒಟ್ಟಿಗೇ ಬರುತ್ತವೆ" ಎಂಬ ದೂರು ಯಾರಾದರೊಬ್ಬರಿಂದ ಬಂದೇ ಬರುತ್ತದೆ. ಇದು ನಮ್ಮೂರಿನವರ ದುರದೃಷ್ಟವೇನಲ್ಲ. ಲಂಡನ್ನಿನವರೂ ತಲೆಮಾರುಗಳಿಂದ ಇದೇ ಮಾತನ್ನು ಆಡುತ್ತಿದ್ದಾರೆ.

ಕರಾವಳಿಯಿಂದ ಓದಿಗೆ, ಕೆಲಸಕ್ಕೆ ಹೊರದೇಶಗಳಿಗೆ ಹೋಗುವವರು ಬಹಳ. ಅಲ್ಲಿಂದ ಮರಳಿದವರು ಹೇಳುವ ಸಂಗತಿಗಳಲ್ಲಿ ಒಂದು, ಸ್ವಂತ ವಾಹನವಿಲ್ಲದೆ, ಭಾಷೆಯೂ ಸರಿಯಾಗಿ ಬಾರದೆ, ಬಸ್ಸು, ರೈಲು, ಷಟಲ್‌ಗಳಲ್ಲೇ ದೇಶವೆಲ್ಲ ಸುತ್ತಿದ ಕಥೆ. "ಅವರು ಶ್ರೀಮಂತರು, ಶಿಸ್ತಿನವರು" ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಹಣದ ಪಾತ್ರವಿರುವುದು ನಿಜ. ಆದರೆ ಬಸ್ಸುಗಳ ಸಂಖ್ಯೆಯಲ್ಲಿ ಉಡುಪಿ, ಮಂಗಳೂರುಗಳ ನಡುವಿನ ಹೆದ್ದಾರಿ ಬಡವಾಗಿಲ್ಲ. ವ್ಯತ್ಯಾಸವಿರುವುದು ಬಸ್ಸುಗಳ ನಡುವಿನ ಅಂತರದಲ್ಲಿ, ಮತ್ತು ಆ ಅಂತರವನ್ನು ಯಾರು ಅಳೆಯುತ್ತಾರೆ ಎಂಬುದರಲ್ಲಿ. ಹೈಸ್ಕೂಲಿನ ಗಣಿತ ಬಲ್ಲವರೆಲ್ಲರೂ ಇದನ್ನು ಲೆಕ್ಕ ಹಾಕಿ ನೋಡಬಹುದು.

ಎರಡು ಬಗೆಯ ಸರಾಸರಿ

ಪಡುಬಿದ್ರಿಯ ಮೂಲಕ ಉಡುಪಿಯ ಕಡೆಗೆ ಒಂದು ಗಂಟೆಯಲ್ಲಿ 6 ಬಸ್ಸುಗಳು ಹೋಗುತ್ತವೆ ಎಂದಿಟ್ಟುಕೊಳ್ಳೋಣ. ಸರಿಯಾಗಿ 10 ನಿಮಿಷಕ್ಕೊಂದರಂತೆ ಬಂದರೆ, ವೇಳೆ ನೋಡದೆ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಕೆಲವರಿಗೆ ಬಂದ ಕೂಡಲೇ ಬಸ್ಸು ಸಿಗುತ್ತದೆ, ಕೆಲವರಿಗೆ 10 ನಿಮಿಷ ಹಿಡಿಯುತ್ತದೆ.

ಈಗ ಅದೇ 6 ಬಸ್ಸುಗಳು ಜೋಡಿಜೋಡಿಯಾಗಿ ಬರಲಿ. ಅಂತರಗಳು ಕ್ರಮವಾಗಿ 1, 19, 1, 19, 1, 19 ನಿಮಿಷ. ಗಂಟೆಗೆ ಈಗಲೂ 6 ಬಸ್ಸು. ಸರಾಸರಿ ಅಂತರ ಈಗಲೂ 10 ನಿಮಿಷ. ಬಸ್ಸಿನ ಮಾಲೀಕರ ಪುಸ್ತಕದಲ್ಲಾಗಲಿ ಸಾರಿಗೆ ಕಚೇರಿಯ ಕಡತದಲ್ಲಾಗಲಿ ಏನೂ ಬದಲಾಗಿಲ್ಲ. ಆದರೆ ಪ್ರಯಾಣಿಕನಿಗೆ? 60 ನಿಮಿಷಗಳಲ್ಲಿ 57 ನಿಮಿಷ ಉದ್ದನೆಯ ಅಂತರಗಳಿಗೆ ಸೇರಿವೆ. ಎಂದರೆ ನೂರರಲ್ಲಿ 95 ಮಂದಿ ಬಂದು ನಿಲ್ಲುವುದು 19 ನಿಮಿಷದ ಖಾಲಿ ಅವಧಿಯಲ್ಲಿ. ಅವರು ಸರಾಸರಿ 9.5 ನಿಮಿಷ ಕಾಯುತ್ತಾರೆ. ಉಳಿದ 5 ಮಂದಿಗೆ ಅರ್ಧ ನಿಮಿಷ. ಎಲ್ಲರ ಸರಾಸರಿ ತೆಗೆದರೆ 9.05 ನಿಮಿಷ. ಬಸ್ಸುಗಳು ಯಾವ ಕ್ರಮವೂ ಇಲ್ಲದೆ ಪೂರ್ತಿ ಯಾದೃಚ್ಛಿಕವಾಗಿ ಬಂದರೆ ಅದು 10 ನಿಮಿಷಕ್ಕೆ ಏರುತ್ತದೆ ಎಂದು ಸಂಭವನೀಯತಾ ಶಾಸ್ತ್ರದಿಂದ ತೋರಿಸಬಹುದು. ಹತ್ತು ನಿಮಿಷಕ್ಕೊಂದು ಬಸ್ಸಿದ್ದೂ ಹತ್ತು ನಿಮಿಷ ಕಾಯುವುದು ಹೀಗೆ.

ಉದ್ದನೆಯ ಅಂತರ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಹೆಚ್ಚು ಜನರನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟೇ ಸಂಗತಿ. ಸೂತ್ರ ಬೇಕೆನ್ನುವವರು ಇಷ್ಟನ್ನು ಬರೆದಿಟ್ಟುಕೊಳ್ಳಿ: ಪ್ರತಿಯೊಂದು ಅಂತರದ ವರ್ಗವನ್ನು ಕಂಡುಹಿಡಿದು ಕೂಡಿಸಿ, ಬಂದ ಮೊತ್ತವನ್ನು ಎಲ್ಲ ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ವರ್ಗಗಳ ಮೊತ್ತ 1086. ಅದನ್ನು 120ರಿಂದ ಭಾಗಿಸಿದರೆ 9.05.

ನೂಕುನುಗ್ಗಲಿನ ಕಥೆಯೂ ಇದೇ. ನಿಮಿಷಕ್ಕೆ ಇಬ್ಬರಂತೆ ಪ್ರಯಾಣಿಕರು ಬರುತ್ತಿದ್ದರೆ, 19 ನಿಮಿಷದ ಅನಂತರ ಬಂದ ಬಸ್ಸಿಗೆ 38 ಜನ ಹತ್ತುತ್ತಾರೆ, ಅದರ ಬೆನ್ನಿಗೇ ಬಂದದ್ದಕ್ಕೆ 2 ಜನ. "ನಮ್ಮ ಬಸ್ಸಿಗೆ ಸರಾಸರಿ 20 ಜನ ಹತ್ತುತ್ತಾರೆ" ಎಂಬ ಮಾಲೀಕರ ಮಾತು ಸುಳ್ಳಲ್ಲ. ಆದರೆ ಅಲ್ಲಿ ಹತ್ತಿದ 120 ಜನರಲ್ಲಿ ಒಬ್ಬೊಬ್ಬರನ್ನೇ "ನಿಮ್ಮ ಜೊತೆ ಹತ್ತಿದವರು, ನಿಮ್ಮನ್ನೂ ಸೇರಿಸಿ, ಎಷ್ಟು?" ಎಂದು ಕೇಳಿ ಸರಾಸರಿ ತೆಗೆದರೆ ಉತ್ತರ 36ಕ್ಕೂ ಹೆಚ್ಚು. ಬಸ್ಸು ಖಾಲಿ ಓಡುತ್ತಿದೆ ಎನ್ನುವ ಮಾಲೀಕ, ಕಾಲಿಡಲು ಜಾಗವಿಲ್ಲ ಎನ್ನುವ ಪ್ರಯಾಣಿಕ, ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಜೋಡಿ ಬಸ್ಸು ಹುಟ್ಟುವ ಬಗೆ

ಹೊರಡುವಾಗ ಸರಿಯಾದ ಅಂತರದಲ್ಲಿ ಹೊರಟ ಬಸ್ಸುಗಳು ದಾರಿಯಲ್ಲಿ ಜೋಡಿಯಾಗುವುದೇಕೆ? 1964ರಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು ಇದನ್ನು ಗಣಿತದ ರೂಪದಲ್ಲಿ ವಿವರಿಸಿದರು. ಅವರ ವಾದವನ್ನು ನಮ್ಮ ರಸ್ತೆಯ ಮೇಲೆಯೇ ಇಟ್ಟು ನೋಡೋಣ.

ಮಂಗಳೂರಿನಿಂದ ಹೊರಟ ಬಸ್ಸೊಂದು ಯಾವುದೋ ಕಾರಣಕ್ಕೆ, ಸುರತ್ಕಲ್ಲಿನ ವಾಹನ ದಟ್ಟಣೆಯೋ ಹೆಜಮಾಡಿಯ ಟೋಲ್ ಬಳಿಯ ಸಾಲೋ, 1 ನಿಮಿಷ ತಡವಾಯಿತು. ಮುಂದಿನ ನಿಲ್ದಾಣದಲ್ಲಿ ಅಷ್ಟರೊಳಗೆ ಇನ್ನೂ ಇಬ್ಬರು ಬಂದು ಸೇರಿರುತ್ತಾರೆ. ಒಬ್ಬರು ಹತ್ತಲು 3 ಸೆಕೆಂಡು ಎಂದರೆ 6 ಸೆಕೆಂಡು ಹೆಚ್ಚುವರಿ ನಿಲುಗಡೆ. 60 ಸೆಕೆಂಡಿನ ತಡ 66 ಸೆಕೆಂಡಾಯಿತು. ಅದರ ಮುಂದಿನ ನಿಲ್ದಾಣದಲ್ಲಿ ಆ 66ಕ್ಕೆ ಮತ್ತೆ ಹತ್ತನೆಯ ಒಂದು ಭಾಗ ಸೇರುತ್ತದೆ. ಇದು ಚಕ್ರಬಡ್ಡಿಯಲ್ಲದೆ ಬೇರೇನಲ್ಲ. ನಿಲ್ದಾಣಕ್ಕೆ ಶೇಕಡ 10ರ ದರದಲ್ಲಿ 10 ನಿಲ್ದಾಣ ದಾಟುವಾಗ 1 ನಿಮಿಷದ ತಡ ಸುಮಾರು 2 ನಿಮಿಷ 35 ಸೆಕೆಂಡು. 20 ನಿಲ್ದಾಣ ದಾಟುವಾಗ 6 ನಿಮಿಷ 44 ಸೆಕೆಂಡು.

ಹಿಂದಿನ ಬಸ್ಸಿಗೆ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಮುಂದಿನ ಬಸ್ಸು ಜನರನ್ನೆಲ್ಲ ಬಾಚಿಕೊಂಡು ಹೋಗಿರುವುದರಿಂದ ಅದಕ್ಕೆ ನಿಲ್ಲುವ ಕೆಲಸ ಕಡಿಮೆ. ಅದು ವೇಳೆಗೆ ಮುಂಚಿತವಾಗಿ ಓಡುತ್ತಾ ಬಂದು ತುಂಬಿದ ಬಸ್ಸಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇದರಲ್ಲಿ ಯಾವ ಚಾಲಕನ ತಪ್ಪೂ ಇಲ್ಲ. ತುದಿಯ ಮೇಲೆ ನಿಲ್ಲಿಸಿದ ಪೆನ್ಸಿಲ್ಲಿನಂತೆ ಈ ವ್ಯವಸ್ಥೆಯ ಸಮತೋಲನವೇ ಅಸ್ಥಿರವಾದದ್ದು. ಯಾರೂ ಕೈ ಹಾಕದಿದ್ದರೆ ಬಸ್ಸುಗಳು ಜೋಡಿಯಾಗಿಯೇ ತೀರುತ್ತವೆ.

ಆದರೆ ಬಡ್ಡಿಯ ದರವನ್ನು ತಗ್ಗಿಸಬಹುದು. ಹತ್ತುವ ಸಮಯ ಒಬ್ಬರಿಗೆ 3 ಸೆಕೆಂಡಿನ ಬದಲು 1 ಸೆಕೆಂಡಾದರೆ, 20 ನಿಲ್ದಾಣಗಳ ಅನಂತರವೂ ಆ 1 ನಿಮಿಷದ ತಡ 2 ನಿಮಿಷವನ್ನು ಮುಟ್ಟುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕರಾವಳಿಯ ಬಸ್ಸುಗಳು ಹೊರದೇಶದ ಅನೇಕ ಬಸ್ಸುಗಳಿಗಿಂತ ಮುಂದಿವೆ ಎಂದೇ ಹೇಳಬೇಕು. ಎರಡು ಬಾಗಿಲು, ಕಂಡಕ್ಟರ್ ಸೀಟಿ, ಬಸ್ಸು ಹೊರಟ ಮೇಲೆ ಟಿಕೆಟ್. ಲಂಡನ್ನಿನ ಹೆಸರಾಂತ ರೂಟ್‌ಮಾಸ್ಟರ್ ಬಸ್ಸುಗಳಲ್ಲೂ ಹೀಗೆಯೇ ಕಂಡಕ್ಟರ್ ಇದ್ದು, ಬಸ್ಸು ಹೊರಟ ಮೇಲೆ ಟಿಕೆಟ್ ಕೊಡುವ ಪದ್ಧತಿ ಇತ್ತು. ಅವು 2005ರ ಡಿಸೆಂಬರಿನಲ್ಲಿ ದಿನನಿತ್ಯದ ಸಂಚಾರದಿಂದ ಮರೆಯಾದವು. ಚಾಲಕನೇ ಹಣ ಪಡೆಯುವ ಪದ್ಧತಿಯಲ್ಲಿ ಚಿಲ್ಲರೆ ಹುಡುಕುವ ಪ್ರತಿಯೊಬ್ಬ ಪ್ರಯಾಣಿಕನೂ ಇಡೀ ಬಸ್ಸನ್ನು ನಿಲ್ಲಿಸುತ್ತಾನೆ. ಅಲ್ಲಿ 2014ರ ಜುಲೈಯಿಂದ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಲಾಯಿತು. ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ಒಳಗೆ ಹೋಗಬೇಕು. ಜರ್ಮನಿ, ಸ್ವಿಟ್ಜರ್ಲೆಂಡುಗಳ ನಗರಗಳಲ್ಲಿ ಟಿಕೆಟನ್ನು ಮೊದಲೇ ಕೊಂಡು ಯಾವ ಬಾಗಿಲಿನಿಂದ ಬೇಕಾದರೂ ಹತ್ತುವ ಪದ್ಧತಿ ವ್ಯಾಪಕವಾಗಿದೆ. ಆಗಾಗ ಬರುವ ತಪಾಸಣೆಯವರ ಕೈಗೆ ಟಿಕೆಟಿಲ್ಲದೆ ಸಿಕ್ಕಿಬಿದ್ದರೆ ದಂಡ ತೆರಬೇಕು. ಹೊಸಬರಿಗೆ ಅದು ನಂಬಿಕೆಯ ವ್ಯವಹಾರದಂತೆ ಕಾಣುತ್ತದೆ. ವಾಸ್ತವವಾಗಿ ಅದು ಈ ಚಕ್ರಬಡ್ಡಿಯ ದರ ಇಳಿಸುವ ಉಪಾಯವೂ ಹೌದು.

ಒಂದು ನಿಮಿಷದ ಜಗಳ

ಹಳೆಯ ಮೈಸೂರು ರಾಜ್ಯದಲ್ಲಿ 1948ರಲ್ಲೇ ಸರ್ಕಾರಿ ಬಸ್ಸುಗಳು ಆರಂಭವಾದವು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಇಲ್ಲಿ ಖಾಸಗಿ ಬಸ್ಸುಗಳು ಬೇರೂರಿದ್ದವು, ಈಗಲೂ ಅವುಗಳದೇ ಮೇಲುಗೈ. ಹೀಗಾಗಿ ಒಂದೇ ಮಾರ್ಗದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಬೇರೆಬೇರೆ ಮಾಲೀಕರ ಬಸ್ಸುಗಳು ಓಡುತ್ತವೆ. ಪ್ರತಿ ಬಸ್ಸಿಗೂ ಪರವಾನಗಿಯಲ್ಲಿ ನಿಮಿಷ ಲೆಕ್ಕದ ವೇಳೆ. 1988ರ ಮೋಟಾರು ವಾಹನ ಕಾಯಿದೆಯ 72ನೆಯ ವಿಧಿಯು, ಅನುಮೋದಿತ ವೇಳಾಪಟ್ಟಿಯಿಂದ ಬಸ್ಸು ಎಷ್ಟು ಆಚೀಚೆ ಆಗಬಹುದೆಂಬ ಮಿತಿಯನ್ನು ಷರತ್ತಾಗಿ ವಿಧಿಸುವ ಅಧಿಕಾರವನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕೊಟ್ಟಿದೆ. ನಿಲ್ದಾಣದಲ್ಲಿ ಟೈಮ್ ಕೀಪರ್ ಗಡಿಯಾರ ನೋಡಿ ಬಸ್ಸು ಬಿಡಿಸುತ್ತಾನೆ. ಹಿಂದಿನ ಬಸ್ಸಿನವರು ಹಾರ್ನ್ ಒತ್ತಿ "ನಿಮ್ಮ ಟೈಮ್ ಆಯಿತು" ಎಂದು ಎಬ್ಬಿಸುವುದನ್ನು ನೀವೆಲ್ಲ ಕೇಳಿರುತ್ತೀರಿ.

ಆ ಒಂದು ನಿಮಿಷಕ್ಕೆ ಅಷ್ಟು ಬೆಲೆ ಏಕೆ ಎಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಮುಂದಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಪಾಲಿನ ಇಬ್ಬರು ಪ್ರಯಾಣಿಕರು ಅದಕ್ಕೆ ಹೋದರು. ಪ್ರತಿ ನಿಲ್ದಾಣದಲ್ಲೂ ಇದೇ ಆದರೆ ದಿನದ ಕಲೆಕ್ಷನ್ ಹೋಯಿತು. ಸಿಬ್ಬಂದಿಯ ಆದಾಯ ಕಲೆಕ್ಷನ್ನಿಗೆ ಹೊಂದಿಕೊಂಡಿದ್ದಾಗ ಜಗಳ ಇನ್ನೂ ತೀವ್ರ. ಎದುರಾಳಿಗಿಂತ ತುಸು ಮುಂದೆ, ಅವನ ಜನರನ್ನು ಎತ್ತಿಕೊಳ್ಳುವಷ್ಟು ಹತ್ತಿರದಲ್ಲಿ ಓಡುವುದೇ ಚಾಲಕನಿಗೆ ಲಾಭ. ಪ್ರಯಾಣಿಕರಿಗೆ ಬೇಕಾದದ್ದು ಬಸ್ಸುಗಳು ದೂರದೂರ ಇರುವುದು. ಎರಡೂ ನೇರ ವಿರುದ್ಧ.

ಹೆದ್ದಾರಿಯ ಪೈಪೋಟಿಯ ಓಟದ ಮೂಲ ಇಲ್ಲಿದೆ. ನಾವು ಅದನ್ನು ಚಾಲಕರ ಸ್ವಭಾವಕ್ಕೆ ಅಂಟಿಸಿ ಬೈಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ನ್ಯಾಯ ಮಾತ್ರ. ವೇಳಾಪಟ್ಟಿಯಲ್ಲಿ ತಡವನ್ನು ನುಂಗಿಕೊಳ್ಳಲು ಬಿಡುವು ಇಲ್ಲದಿದ್ದರೆ, ಕಳೆದ ನಿಮಿಷವನ್ನು ಮರಳಿ ಪಡೆಯಲು ಚಾಲಕನ ಬಳಿ ಉಳಿಯುವುದು ಆಕ್ಸಿಲರೇಟರ್ ಒಂದೇ. ರಸ್ತೆ ದಾಟುವ ಶಾಲಾ ಮಕ್ಕಳು, ಡಿವೈಡರ್ ಬಳಿ ತಿರುಗುವ ದ್ವಿಚಕ್ರ ವಾಹನದವರು ಆ ನಿಮಿಷದ ಬೆಲೆ ತೆರುತ್ತಾರೆ.

ಲೆಕ್ಕವನ್ನು ಬದಲಿಸಿದ ಊರುಗಳು

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲೂ ಖಾಸಗಿ ಬಸ್ಸುಗಳ ಇಂತಹದೇ ಪೈಪೋಟಿ ಇತ್ತು. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು 'ಪೈಸೆಯ ಯುದ್ಧ'. 2000ನೇ ಇಸವಿಯ ಡಿಸೆಂಬರಿನಲ್ಲಿ ಆರಂಭವಾದ ಟ್ರಾನ್ಸ್‌ಮಿಲೇನಿಯೊ ವ್ಯವಸ್ಥೆಯಲ್ಲಿ ಬಸ್ಸುಗಳು ಖಾಸಗಿಯವರ ಕೈಯಲ್ಲೇ ಉಳಿದವು. ಆದರೆ ಹಣ ಸಲ್ಲುವುದು ಹತ್ತಿದ ತಲೆಗಳಿಗಲ್ಲ, ಓಡಿದ ಕಿಲೋಮೀಟರುಗಳಿಗೆ ಎಂದಾಯಿತು. ಟಿಕೆಟಿನ ಹಣ ಬೇರೆ ಖಾತೆಗೆ ಹೋಗುತ್ತಿತ್ತು. ಎದುರಿನ ಬಸ್ಸನ್ನು ಹಿಂದಿಕ್ಕಿ ಪ್ರಯಾಣಿಕರನ್ನು ಕಸಿದುಕೊಳ್ಳುವುದಕ್ಕೆ ಆ ಮಾರ್ಗಗಳಲ್ಲಿ ಕಾರಣವೇ ಉಳಿಯಲಿಲ್ಲ. ಆ ವ್ಯವಸ್ಥೆಗೆ ಅದರದೇ ಆದ ತೊಂದರೆಗಳಿವೆ, ನೂಕುನುಗ್ಗಲು ಅದರಲ್ಲಿ ಮುಖ್ಯವಾದದ್ದು. ಅದು ಬೇರೆ ವಿಷಯ.

ಲಂಡನ್ನಿನ ಕೆಂಪು ಬಸ್ಸುಗಳನ್ನು ಓಡಿಸುವವರೂ ಬಹುಪಾಲು ಖಾಸಗಿ ಕಂಪನಿಗಳೇ ಎಂಬುದು ಅನೇಕರಿಗೆ ತಿಳಿದಿಲ್ಲ. ಅಲ್ಲಿನ ಸಾರಿಗೆ ಸಂಸ್ಥೆ ಮಾರ್ಗಗಳನ್ನು ಗುತ್ತಿಗೆಗೆ ಕೊಡುತ್ತದೆ. ಗಂಟೆಗೆ 5 ಅಥವಾ ಹೆಚ್ಚು ಬಸ್ಸುಗಳಿರುವ ಮಾರ್ಗಗಳಲ್ಲಿ "ಬಸ್ಸು ವೇಳೆಗೆ ಬಂತೇ?" ಎಂದು ಅದು ಕೇಳುವುದಿಲ್ಲ. ಅದು ಅಳೆಯುವುದು 'ಹೆಚ್ಚುವರಿ ಕಾಯುವ ಸಮಯ'ವನ್ನು. ಅಂತರಗಳು ಸರಿಯಾಗಿದ್ದರೆ ಪ್ರಯಾಣಿಕ ಎಷ್ಟು ಕಾಯಬೇಕಿತ್ತು, ನಿಜವಾಗಿ ಎಷ್ಟು ಕಾದ, ಇವುಗಳ ವ್ಯತ್ಯಾಸ ಅದು. ನಮ್ಮ ಉದಾಹರಣೆಯಲ್ಲಿ 9.05ರಿಂದ 5 ಕಳೆದರೆ 4.05 ನಿಮಿಷ. ಈ ಅಂಕಿ ತಗ್ಗಿದರೆ ಕಂಪನಿಗೆ ಬಹುಮಾನ, ಏರಿದರೆ ಕಡಿತ. ಜೋಡಿ ಬಸ್ಸು ಓಡಿಸಿದರೆ ಕಂಪನಿಗೇ ನಷ್ಟ. ಮೇಲೆ ನೋಡಿದ ವರ್ಗಗಳ ಸೂತ್ರ ಅಲ್ಲಿ ಗುತ್ತಿಗೆಯ ಹಣವನ್ನೇ ನಿರ್ಧರಿಸುತ್ತದೆ.

ಇನ್ನು ಷಟಲ್. ಮಗ್ಗದಲ್ಲಿ ಅತ್ತಿಂದಿತ್ತ ಓಡಾಡುವ ಲಾಳಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಇದು. ವಿಮಾನ ನಿಲ್ದಾಣದಿಂದ ಪೇಟೆಗೆ, ರೈಲು ನಿಲ್ದಾಣದಿಂದ ವಿಶ್ವವಿದ್ಯಾಲಯಕ್ಕೆ ಕೆಲವೇ ಬಸ್ಸುಗಳು ಸುತ್ತುತ್ತಿರುತ್ತವೆ. ಒಂದು ಸುತ್ತಿಗೆ 60 ನಿಮಿಷ, 4 ಬಸ್ಸು ಎಂದರೆ ಅಂತರ 15 ನಿಮಿಷ. ಇವೂ ಜೋಡಿಯಾಗುತ್ತವೆ. ಬಾರ್ಥೊಲ್ಡಿ ಮತ್ತು ಐಸೆನ್‌ಸ್ಟೈನ್ ಎಂಬ ಸಂಶೋಧಕರು ವೇಳಾಪಟ್ಟಿಯನ್ನೇ ಕೈಬಿಡುವ ಒಂದು ವಿಧಾನವನ್ನು 2012ರಲ್ಲಿ ಪ್ರಕಟಿಸಿದರು; ಅಮೆರಿಕದ ಅಟ್ಲಾಂಟಾದ ಒಂದು ಬಸ್ ಮಾರ್ಗದಲ್ಲಿ ಅದನ್ನು ಪ್ರಯೋಗಿಸಿಯೂ ನೋಡಿದರು. ನಿಯಮ ಬಹಳ ಸರಳ. ಕೊನೆಯ ನಿಲ್ದಾಣ ತಲುಪಿದ ಬಸ್ಸು, ತನ್ನ ಹಿಂದಿನ ಬಸ್ಸು ಎಷ್ಟು ನಿಮಿಷ ದೂರದಲ್ಲಿದೆ ಎಂದು ನೋಡಿ, ಅದರ ಒಂದು ನಿಶ್ಚಿತ ಭಾಗದಷ್ಟು ಹೊತ್ತು ಅಲ್ಲೇ ನಿಲ್ಲಬೇಕು. ಹಿಂದಿನದು ದೂರವಿದ್ದರೆ ಹೆಚ್ಚು ಹೊತ್ತು, ಹತ್ತಿರವಿದ್ದರೆ ಕಡಿಮೆ. ಇಷ್ಟನ್ನೇ ಪಾಲಿಸುತ್ತ ಹೋದರೆ ಅಂತರಗಳು ತಾವಾಗಿಯೇ ಸಮನಾಗುತ್ತ ಬರುತ್ತವೆ ಎಂದು ಅವರು ಗಣಿತದಿಂದ ಸಾಧಿಸಿದರು. ಅಕ್ಕಪಕ್ಕದ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ತಿಳಿಯುವ ಈ ಕಾಲದಲ್ಲಿ ಇದಕ್ಕೆ ದೊಡ್ಡ ಯಂತ್ರೋಪಕರಣವೇನೂ ಬೇಡ. ಬೇಕಾದದ್ದು, ನಿಂತು ಕಾದ ಚಾಲಕನಿಗೆ ಕಲೆಕ್ಷನ್ ನಷ್ಟವಾಗದಂತಹ ಏರ್ಪಾಡು.

ಬಸ್ಸು ಬದಲಿಸುವ ಜಾಗ

ಪಡುಬಿದ್ರಿ ಬರಿಯ ನಿಲ್ದಾಣವಲ್ಲ, ಕೂಡುದಾರಿ. ಈಗ 66 ಎಂಬ ಸಂಖ್ಯೆಯಿರುವ, ಮೊದಲು 17 ಆಗಿದ್ದ ರಾಷ್ಟ್ರೀಯ ಹೆದ್ದಾರಿಯಿಂದ ರಾಜ್ಯ ಹೆದ್ದಾರಿ 1 ಇಲ್ಲಿ ಕವಲೊಡೆದು ನಂದಿಕೂರು, ಬೆಳ್ಮಣ್, ನಿಟ್ಟೆ ಮಾರ್ಗವಾಗಿ ಕಾರ್ಕಳಕ್ಕೆ ಹೋಗುತ್ತದೆ. ಮೂಲ್ಕಿಯಿಂದ ನಿಟ್ಟೆಯ ಕಾಲೇಜಿಗೆ ಹೋಗುವ ವಿದ್ಯಾರ್ಥಿ ಇಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಾನೆ. ಶಾಂಭವಿ ನದಿಗೂ ಉದ್ಯಾವರದ ಹೊಳೆಗೂ ಸೇತುವೆಗಳಿಲ್ಲದಿದ್ದ ಕಾಲದಲ್ಲಿ ದಡದವರೆಗೆ ಒಂದು ಬಸ್ಸು, ಹೊಳೆ ದಾಟಲು ದೋಣಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು. ದೋಣಿ ಬರುವ ತನಕ ಆ ಬಸ್ಸು ಕಾಯಲೇಬೇಕಿತ್ತು, ಇಲ್ಲದಿದ್ದರೆ ಅದಕ್ಕೆ ಪ್ರಯಾಣಿಕರೇ ಇರುತ್ತಿರಲಿಲ್ಲ.

ಈ ಕಾಯುವಿಕೆಯನ್ನು ಒಂದು ದೇಶದ ಮಟ್ಟಕ್ಕೆ ಏರಿಸಿದವರು ಸ್ವಿಸ್ ಜನ. 1982ರ ಮೇ ತಿಂಗಳಿನಿಂದ ಅಲ್ಲಿ ರೈಲುಗಳು ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡುತ್ತವೆ. ಮುಖ್ಯ ನಿಲ್ದಾಣಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಹೊಡೆಯುವ ತುಸು ಮುಂಚೆ ಬಂದು, ಹೊಡೆದ ತುಸು ಅನಂತರ ಹೊರಡುತ್ತವೆ. ಆ ಕೆಲವು ನಿಮಿಷಗಳಲ್ಲಿ ಯಾವುದರಿಂದ ಯಾವುದಕ್ಕೆ ಬೇಕಾದರೂ ಬದಲಿಸಬಹುದು. ಸಣ್ಣ ಊರುಗಳಲ್ಲಿ ಹಳದಿ ಬಣ್ಣದ ಅಂಚೆ ಬಸ್ಸು ಹೊರಗೆ ಕಾಯುತ್ತಿರುತ್ತದೆ. ಇದು ಕೆಲಸ ಮಾಡಬೇಕಾದರೆ ಎರಡು ಮುಖ್ಯ ನಿಲ್ದಾಣಗಳ ನಡುವಿನ ಓಟ 30 ಅಥವಾ 60 ನಿಮಿಷಕ್ಕಿಂತ ಸ್ವಲ್ಪವೇ ಕಡಿಮೆ ಇರಬೇಕು. ಜ್ಯೂರಿಕ್ ಮತ್ತು ಬರ್ನ್ ನಡುವೆ 69 ನಿಮಿಷ ಹಿಡಿಯುತ್ತಿತ್ತು. ಹೊಸ ಹಳಿ ಹಾಕಿ 2004ರ ಡಿಸೆಂಬರಿನಲ್ಲಿ ಅದನ್ನು 56ಕ್ಕೆ ಇಳಿಸಿದರು. 50ಕ್ಕೆ ಇಳಿಸಿದ್ದರೆ ಬದಲಿಸುವವರಿಗೆ ಹೆಚ್ಚಿನ ಪ್ರಯೋಜನವಿರಲಿಲ್ಲ. ಅವರು ನಿಲ್ದಾಣದಲ್ಲಿ ಕಾಯುತ್ತಿದ್ದರು. ವೇಗ ಎಷ್ಟು ಬೇಕೋ ಅಷ್ಟು, ಎಷ್ಟು ಸಾಧ್ಯವೋ ಅಷ್ಟಲ್ಲ.

ಟಿಕೆಟಿನದೂ ಒಂದು ಮಾತು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1965ರಲ್ಲಿ ಬೇರೆಬೇರೆ ಸಾರಿಗೆ ಸಂಸ್ಥೆಗಳು ಒಕ್ಕೂಟ ರಚಿಸಿ ಎಲ್ಲಕ್ಕೂ ಒಂದೇ ಟಿಕೆಟ್ ಎಂದು ಮಾಡಿದವು. ಹೊಸ ಊರಿಗೆ ಹೋದವರು ಈ ಬಸ್ಸು ಯಾರದು ಎಂದು ಕೇಳಬೇಕಾಗಿಲ್ಲ.

ಕಾರ್ಕಳದ ಕಡೆಗೆ 20 ನಿಮಿಷಕ್ಕೊಂದು ಬಸ್ಸಿದ್ದು ಅದಕ್ಕೂ ಎಕ್ಸ್‌ಪ್ರೆಸ್ಸಿಗೂ ಸಂಬಂಧವಿಲ್ಲದಿದ್ದರೆ, ಪಡುಬಿದ್ರಿಯಲ್ಲಿ ಇಳಿದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಎಕ್ಸ್‌ಪ್ರೆಸ್ ಬಂದ 4 ನಿಮಿಷಕ್ಕೆ ಅದು ಹೊರಡುವಂತೆ ವೇಳೆ ಹೊಂದಿಸಿದರೆ 4 ನಿಮಿಷ. ಒಂದೇ ಒಂದು ಬಸ್ಸನ್ನೂ ಹೆಚ್ಚು ಓಡಿಸಬೇಕಾಗಿಲ್ಲ.

ನೀವೇ ಅಳೆಯಿರಿ

ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಒಂದನ್ನು ನೆನಪಿಡಬಹುದು. 10-12 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಬಸ್ಸಿರುವ ಕಡೆ ವೇಳಾಪಟ್ಟಿ ನೋಡುವ ಗೋಜು ಬೇಡ. ಅರ್ಧ ಗಂಟೆಗೊಂದು ಇರುವ ಕಡೆ ನಿಮಿಷ ಸಹಿತ ನೋಡಿಯೇ ಹೋಗಬೇಕು. ಅಲ್ಲಿ ತಡವಾಗಿ ಬರುವ ಬಸ್ಸಿಗಿಂತ ಬೇಗ ಬಂದು ಹೋಗುವ ಬಸ್ಸು ಕೆಟ್ಟದ್ದು. 3 ನಿಮಿಷ ತಡವಾದರೆ 3 ನಿಮಿಷವೇ ನಷ್ಟ. 3 ನಿಮಿಷ ಮುಂಚೆ ಹೋದರೆ ಪೂರ್ತಿ ಅರ್ಧ ಗಂಟೆ. ರಾತ್ರಿಯ ಕೊನೆಯ ಷಟಲ್ ಯಾವಾಗ ಎಂಬುದನ್ನು ಮಾತ್ರ ಎಲ್ಲಿಯೇ ಆದರೂ ಮೊದಲೇ ಕೇಳಿಕೊಳ್ಳಿ.

ಅಧ್ಯಾಪಕರಿಗೆ ಒಂದು ಸೂಚನೆ. 4 ವಿದ್ಯಾರ್ಥಿಗಳ ತಂಡ ಮಾಡಿ, ನಿಮ್ಮೂರಿನ ನಿಲ್ದಾಣದಲ್ಲಿ ರಸ್ತೆಯಿಂದ ಸುರಕ್ಷಿತ ದೂರದಲ್ಲಿ ಕೂರಿಸಿ, ಒಂದೇ ದಿಕ್ಕಿಗೆ ಹೋಗುವ ಬಸ್ಸುಗಳ ಬರುವ ವೇಳೆಯನ್ನು ಸೆಕೆಂಡು ಸಹಿತ 2 ಗಂಟೆ ಕಾಲ ಬರೆಸಿ. ಎಕ್ಸ್‌ಪ್ರೆಸ್ ಮತ್ತು ಸರ್ವಿಸ್ ಬಸ್ಸುಗಳನ್ನು ಬೇರೆಬೇರೆ ಬರೆಯಲಿ. ಇಲ್ಲದಿದ್ದರೆ ಲೆಕ್ಕ ಕಲಬೆರಕೆಯಾಗುತ್ತದೆ. ಒಬ್ಬರು ಪ್ರತಿ ಬಸ್ಸಿಗೆ ಹತ್ತಿದವರನ್ನು ಎಣಿಸಲಿ, ಇನ್ನೊಬ್ಬರು ಬಸ್ಸು ನಿಂತ ಸೆಕೆಂಡುಗಳನ್ನು. ಅಂತರಗಳನ್ನು ಕಂಡುಹಿಡಿದು ಮೇಲಿನ ಸೂತ್ರಕ್ಕೆ ಹಾಕಿದರೆ ಸರಾಸರಿ ಕಾಯುವಿಕೆ ಸಿಗುತ್ತದೆ. ನಿಂತ ಸೆಕೆಂಡುಗಳನ್ನು ಹತ್ತಿದವರ ಸಂಖ್ಯೆಯ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ, ಬಂದ ರೇಖೆಯ ಓಟವೇ ಒಬ್ಬರು ಹತ್ತಲು ಬೇಕಾದ ಸಮಯ. ಒಂದು ತಂಡವನ್ನು ಮಾರ್ಗದ ಆರಂಭದಲ್ಲೂ ಇನ್ನೊಂದನ್ನು ಪಡುಬಿದ್ರಿಯಲ್ಲೂ ಮತ್ತೊಂದನ್ನು ಕಾಪುವಿನಲ್ಲೂ ಕೂರಿಸಲು ಸಾಧ್ಯವಾದರೆ, ಅದೇ ಬಸ್ಸುಗಳ ಅಂತರಗಳು ದಾರಿಯುದ್ದಕ್ಕೂ ಹೇಗೆ ಕೆಡುತ್ತ ಬರುತ್ತವೆ ಎಂಬುದೂ ಕಾಣುತ್ತದೆ. ಒಂದೇ ದಿನದ ಲೆಕ್ಕವನ್ನು ನೆಚ್ಚಬೇಡಿ. ಕನಿಷ್ಠ 5 ದಿನ, ಅದೇ ಹೊತ್ತಿನಲ್ಲಿ ಅಳೆಯಿರಿ. ಸಂತೆಯ ದಿನವಿದ್ದರೆ ಅದನ್ನು ಪ್ರತ್ಯೇಕವಾಗಿಡಿ.